ವಂತಿಗೆಯಲ್ಲಿ ಕಟ್ಟಿದ ಒಣ ಶೌಚಾಲಯ: ಎರಡು ವರ್ಷ ಮೂರು ತಿಂಗಳ ಬಳಕೆಯ ನಂತರ

ಗೋಕಾಕ ತಾಲೂಕಿನ ಘಟಪ್ರಭಾ ಪಕ್ಷಿಧಾಮದ ಗಡಿಯ ಹೊರಗೆ, ಧೂಪದಾಳ ಒಡ್ಡಿನ ಹಿನ್ನೀರು ಕಣ್ಣಿಗೆ ಬೀಳುವಷ್ಟು ಹತ್ತಿರದ ಹೊಲವೊಂದರ ಮೂಲೆಯಲ್ಲಿ, ನೀರು ಸುರಿಯುವ ಅಗತ್ಯವಿಲ್ಲದ ಎರಡು ಕೋಣೆಗಳ ಶೌಚಾಲಯವಿದೆ. ಅದನ್ನು ತಯಾರಿಸಿಕೊಟ್ಟ ಕಾರ್ಖಾನೆಯ ಕೆಲಸ ಹೇಗಿದೆ, ಅದಕ್ಕಾಗಿ ನಾವು ಹಣ ಕೂಡಿಸಿದ ಜಾಲತಾಣದ ಸೇವೆ ಹೇಗಿತ್ತು, ದಿನನಿತ್ಯದ ಬಳಕೆಯಲ್ಲಿ ಅದು ಎಷ್ಟು ಬಾಳಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಒಂದು ವಿಷಯವನ್ನು ಮೊದಲೇ ಹೇಳಿಬಿಡುವುದು ನ್ಯಾಯ: ವಂತಿಗೆ ಎತ್ತಿದ ಏಳು ಮಂದಿಯಲ್ಲಿ ನಾನೂ ಒಬ್ಬಳು, ಲೆಕ್ಕದ ವಹಿ ಇಂದಿಗೂ ನನ್ನ ಬಳಿಯೇ ಇದೆ. ಆದ್ದರಿಂದ ಈ ಬರಹದಲ್ಲಿ ಹೊಗಳಿಕೆ ಕಂಡರೆ ಅದರಲ್ಲಿ ಸ್ವಲ್ಪ ಮಮಕಾರವೂ ಬೆರೆತಿದೆ ಎಂದುಕೊಳ್ಳಿ; ದೂರು ಕಂಡರೆ ಅದು ಸ್ವಂತ ಕೈ ಸುಟ್ಟುಕೊಂಡ ಮೇಲಿನ ಮಾತು. ಕಾರ್ಖಾನೆಯ ಹೆಸರನ್ನಾಗಲಿ ಜಾಲತಾಣದ ಹೆಸರನ್ನಾಗಲಿ ಬರೆಯುವುದಿಲ್ಲ.

1974ರಲ್ಲಿ ಘೋಷಣೆಯಾದ ಈ ಪಕ್ಷಿಧಾಮ 29.78 ಚದರ ಕಿಲೋಮೀಟರಿನಷ್ಟು ಹಬ್ಬಿದೆ. ಚಳಿಗಾಲದಲ್ಲಿ ಡೆಮಾಯ್ಸೆಲ್ ಕ್ರೇನ್‌ಗಳೂ ಯುರೋಪಿನ ಬಿಳಿ ಕೊಕ್ಕರೆಗಳೂ ಇಲ್ಲಿಗೆ ಬರುತ್ತವೆ ಎಂಬುದೇ ಇದರ ಖ್ಯಾತಿ. ಅವನ್ನು ನೋಡಬೇಕೆಂದರೆ ಬೆಳಕು ಹರಿಯುವ ಮೊದಲೇ ದಡ ಸೇರಬೇಕು, ಬಿಸಿಲೇರುವವರೆಗೆ ಅಲ್ಲಿಯೇ ಇರಬೇಕು. ಗಂಡಸರಿಗೆ ಇದು ದೊಡ್ಡ ಮಾತಲ್ಲ, ಜಾಲಿಗಿಡದ ಮರೆ ಸಾಕು. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು, ಪ್ರತಿ ವರ್ಷ ಹುಡುಗಿಯರನ್ನು ಕರೆದುಕೊಂಡು ಹೋಗುತ್ತಿದ್ದೆ. ಹಿಂದಿನ ರಾತ್ರಿಯಿಂದಲೇ ಅವರು ನೀರು ಕುಡಿಯುವುದನ್ನು ನಿಲ್ಲಿಸುತ್ತಿದ್ದರು ಎಂಬುದು ನನಗೆ ತಿಳಿದದ್ದು, ಒಬ್ಬ ಹುಡುಗಿ ಹತ್ತು ಗಂಟೆಯ ಬಿಸಿಲಿನಲ್ಲಿ ತಲೆಸುತ್ತಿ ಕುಳಿತಾಗ. ಏಕೆ ಕುಡಿಯಲಿಲ್ಲ ಎಂದು ಗದರಿದೆ. ಗದರಿದ ನಾನೂ ಅಂದು ಬೆಳಿಗ್ಗೆ ಚಹಾ ಬಿಟ್ಟು ಬಂದವಳೇ.

ಸಾಮಾನ್ಯ ಶೌಚಾಲಯವನ್ನೇ ಏಕೆ ಕಟ್ಟಲಿಲ್ಲ ಎಂದು ವಂತಿಗೆ ಕೊಟ್ಟವರೆಲ್ಲ ಕೇಳಿದ್ದಾರೆ. ಆ ಹೊಲ ಎರೆಭೂಮಿ. ಸ್ವಚ್ಛ ಭಾರತದ ಕಾಲದಲ್ಲಿ ಊರೂರಿನಲ್ಲಿ ಕಟ್ಟಿದ ಎರಡು ಗುಂಡಿಯ ಶೌಚಾಲಯ ಒಳ್ಳೆಯದೇ, ಆದರೆ ಅದರ ಗುಂಡಿಯ ನೀರನ್ನು ಸುತ್ತಲಿನ ಮಣ್ಣು ಹೀರಿಕೊಳ್ಳಬೇಕು. ಎರೆಮಣ್ಣು ಒದ್ದೆಯಾದರೆ ಉಬ್ಬಿ ಬಿಗಿಯುತ್ತದೆ, ನೀರನ್ನು ಬಿಟ್ಟುಕೊಡುವುದಿಲ್ಲ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟು ಗೋಡೆಯನ್ನೂ ಸೀಳುತ್ತದೆ. ಅದರ ಮೇಲೆ ಹಿನ್ನೀರು ಏರಿದಾಗ ಅಂತರ್ಜಲವೂ ಗುಂಡಿಯ ತಳಕ್ಕೆ ಬರುತ್ತದೆ. ಸೆಪ್ಟಿಕ್ ಟ್ಯಾಂಕ್ ಕಟ್ಟಿದರೆ ಅದರಿಂದ ಹೊರಬೀಳುವ ನೀರು ಇಳಿಜಾರು ಹಿಡಿದು ಹಕ್ಕಿಗಳಿರುವ ನೀರಿಗೇ ಸೇರುತ್ತಿತ್ತು, ತುಂಬಿದಾಗ ಹೀರುವ ಲಾರಿ ಹೊಲದ ಗಾಡಿದಾರಿಯಲ್ಲಿ ಬರುವಂತೆಯೂ ಇರಲಿಲ್ಲ. ರೈಲಿನಲ್ಲಿರುವಂಥ ಜೈವಿಕ ಟ್ಯಾಂಕಿನ ಸಲಹೆಯೂ ಬಂತು. ಅದಕ್ಕೂ ನೀರು ಬೇಕು, ಅದರಿಂದಲೂ ನೀರು ಹೊರಬರುತ್ತದೆ. ಕೊನೆಗೆ ಉಳಿದದ್ದು ನೆಲದ ಮೇಲೆಯೇ ಗೂಡು ಕಟ್ಟಿ, ಮೂತ್ರ ಮತ್ತು ಮಲವನ್ನು ಬೇರೆ ಬೇರೆ ಹಿಡಿದು, ಮಲವನ್ನು ಬೂದಿಯಲ್ಲಿ ಒಣಗಿಸಿ ಗೊಬ್ಬರವಾಗಿಸುವ ಪದ್ಧತಿಯೊಂದೇ.

ಜಾಗದ ವಿಷಯ ಬೇಗ ಮುಗಿಯಿತು. ಅಭಯಾರಣ್ಯದ ಒಳಗೆ ಖಾಸಗಿ ಬಳಗವೊಂದು ಕಟ್ಟಡ ಎಬ್ಬಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಸುಲಭದ ಮಾತಲ್ಲವಾದ್ದರಿಂದ ಗಡಿಯ ಹೊರಗಿನ ಹೊಲವನ್ನೇ ಹುಡುಕಿದೆವು. ಹೊಲದ ಹಿರಿಯರನ್ನು ನಾವೆಲ್ಲ ಕಾಕಾ ಎಂದೇ ಕರೆಯುತ್ತೇವೆ. ಅರ್ಧ ಗುಂಟೆಯನ್ನು ಹತ್ತು ವರ್ಷಕ್ಕೆ ಛಾಪಾ ಕಾಗದದ ಮೇಲೆ ಬರೆದುಕೊಟ್ಟ ಅವರು ಬಾಡಿಗೆ ಕೇಳಲಿಲ್ಲ. ಗೊಬ್ಬರ ತಮ್ಮದೇ ಎಂಬ ಒಂದು ಷರತ್ತು ಹಾಕಿದರು.

ಅಂದಾಜು ನಾಲ್ಕು ಲಕ್ಷ ರೂಪಾಯಿ. ಕಾರ್ಖಾನೆಯಿಂದ ಬರುವ ಎರಡು ಕೋಣೆಗಳಿಗೆ 2,65,000, ಕಲ್ಲಿನ ಕಟ್ಟೆಗೆ 70,000, ಮೆಟ್ಟಿಲು, ಇಳಿಜಾರು, ಮೂತ್ರದ ಟ್ಯಾಂಕು ಮತ್ತು ಕೊಳವೆಗಳಿಗೆ 45,000, ಸಾಗಣೆಗೆ 20,000. ಇದರಲ್ಲಿ ಜಾಲತಾಣದ ಮೂಲಕ ಎರಡು ತಿಂಗಳಲ್ಲಿ ಬಂದದ್ದು 2,15,000 ರೂಪಾಯಿ. ಅವರು ಶೇಕಡಾ 3 ಶುಲ್ಕ ಮತ್ತು ಆ ಶುಲ್ಕದ ಮೇಲೆ ಶೇಕಡಾ 18 ಜಿಎಸ್‌ಟಿ ಹಿಡಿದುಕೊಂಡಿದ್ದರಿಂದ ನಮ್ಮ ಖಾತೆಗೆ ಬಿದ್ದದ್ದು 2,07,389. ಇದನ್ನು ನಾನು ಆಕ್ಷೇಪಿಸುವುದಿಲ್ಲ, ಮೊದಲೇ ಬರೆದುಕೊಂಡಿದ್ದ ಮಾತದು. ಆಕ್ಷೇಪವಿರುವುದು ಬೇರೆ ಎರಡು ಸಂಗತಿಗಳಿಗೆ. ದಾನಿಯೊಬ್ಬರು 1,000 ರೂಪಾಯಿ ಎಂದು ಒತ್ತಿದ ಕೂಡಲೇ ಜಾಲತಾಣದವರು ತಮಗೆಂದು ಒಂದಿಷ್ಟು 'ಟಿಪ್' ಅನ್ನು ತಾವೇ ಸೇರಿಸಿಟ್ಟಿರುತ್ತಾರೆ, ಬೇಡವೆಂದರೆ ಅದನ್ನು ಹುಡುಕಿ ತೆಗೆಯಬೇಕು. ನಮ್ಮ ನಿವೃತ್ತ ಮುಖ್ಯಾಧ್ಯಾಪಕರೊಬ್ಬರು ಇದನ್ನು ಗಮನಿಸದೆ ಹೆಚ್ಚು ತೆತ್ತು, ಅದು ನಮ್ಮದೇ ಕೈಚಳಕವೆಂದು ತಿಳಿದು ಒಂದು ವಾರ ನನ್ನೊಡನೆ ಮಾತು ಬಿಟ್ಟಿದ್ದರು. ಎರಡನೆಯದು ಇನ್ನೂ ಕೆಟ್ಟದ್ದು. ಅವರ ಕಡೆಯ ಸಲಹೆಗಾರರು ಕರೆ ಮಾಡಿ, ಹಕ್ಕಿಗಳ ಚಿತ್ರಕ್ಕೆ ಹಣ ಬರುವುದಿಲ್ಲ, ಮುಖ ಬಾಡಿದ ಹುಡುಗಿಯೊಬ್ಬಳ ಚಿತ್ರ ಹಾಕಿ ಎಂದರು. ನನ್ನ ವಿದ್ಯಾರ್ಥಿನಿಯರ ಮುಖವನ್ನು ಆ ಕೆಲಸಕ್ಕೆ ಕೊಡಲಾರೆ ಎಂದು ಖಾಲಿ ಚಂಬಿನ ಚಿತ್ರ ಹಾಕಿದೆವು. ಹಣ ಬಂತು.

ವಿದೇಶದಲ್ಲಿರುವ ನಮ್ಮವರಿಂದ ಪಡೆಯುವಾಗ ಮಾತ್ರ ಎಚ್ಚರ ಬೇಕು. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಕೊಟ್ಟರೆ ತೊಡಕಿಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟರೆ ಅದು 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ಅದರ ನೋಂದಣಿ ಇಲ್ಲದ ನಮ್ಮಂಥ ಬಳಗ ಅದನ್ನು ಮುಟ್ಟುವಂತಿಲ್ಲ. ಅಮೆರಿಕದ ಪ್ರಜೆಯಾಗಿರುವ, ಗೋಕಾಕದಲ್ಲೇ ಹುಟ್ಟಿದ ಹಳೆಯ ವಿದ್ಯಾರ್ಥಿಯೊಬ್ಬರು ಕಳುಹಿಸಹೊರಟ ದೊಡ್ಡ ಮೊತ್ತವನ್ನು ಬೇಡವೆಂದದ್ದು ಹೀಗೆ. ಅವರಿಗೆ ಇದು ಮನಸ್ಸಿಗೆ ಹತ್ತಿತು. ಕಳೆದ ಚಳಿಗಾಲ ಊರಿಗೆ ಬಂದಾಗ ಅವರೇ ನಿಂತು ಎರಡು ಚೀಲ ಬೂದಿ ಜರಡಿ ಹಿಡಿದುಕೊಟ್ಟರು.

ಊರಿನ ಹಣ ಜಾಲತಾಣದಿಂದ ಬರಲಿಲ್ಲ. ಅದರ ಪುಟವನ್ನು ಇಂಗ್ಲಿಷಿನಲ್ಲಿ ಬರೆದಿದ್ದೆವು, ಅದನ್ನು ಓದಿ ಕೊಟ್ಟವರು ಬೆಂಗಳೂರು, ಪುಣೆ ಕಡೆಯವರು. ಗೋಕಾಕ, ಮೂಡಲಗಿ, ಹುಕ್ಕೇರಿಯ ಜನ ಕೊಟ್ಟದ್ದು ನಮ್ಮ ಬಳಗದ ಅಕ್ಕನೊಬ್ಬಳು ಮೂರು ನಿಮಿಷ ಮಾತನಾಡಿ ವಾಟ್ಸಾಪಿನಲ್ಲಿ ಬಿಟ್ಟ ಧ್ವನಿಯನ್ನು ಕೇಳಿ, ಅದರ ಜೊತೆಗಿದ್ದ ಕ್ಯೂಆರ್ ಚಿತ್ರದ ಮೂಲಕ. ಹಾಗೆ ಬಂದದ್ದು 1,26,500 ರೂಪಾಯಿ, ಅದರಲ್ಲಿ ಯಾರ ಶುಲ್ಕವೂ ಕಡಿತವಾಗಲಿಲ್ಲ. ಬಹಳಷ್ಟು ಮಂದಿ 101, 501, 1,101 ಎಂದೇ ಕೊಟ್ಟಿದ್ದರು. ಪಾಯಖಾನೆಗೆ ಕೊಡುವಾಗಲೂ ಮೇಲಿನ ಒಂದು ರೂಪಾಯಿಯನ್ನು ಬಿಡದ ಸಂಸ್ಕಾರ ನಮ್ಮದು. ಹೆಸರು ಬರೆಸುವ ವಿಷಯದಲ್ಲಿ ಮಾತ್ರ ಎಲ್ಲರೂ ತಲೆಕೆಳಗು. ಗುಡಿಗೆ ಫ್ಯಾನ್ ಕೊಟ್ಟರೆ ಅದರ ಮೂರು ಎಲೆಗಳ ಮೇಲೂ ಹೆಸರು ಬರೆಸುವ ದಾನಿಗಳು ಇಲ್ಲಿ ಫಲಕದಲ್ಲಿ ತಮ್ಮ ಹೆಸರು ಬೇಡವೆಂದು ಫೋನ್ ಮಾಡಿ ಹೇಳಿದರು. ಒಬ್ಬರೇ ಒಬ್ಬರು ತಮ್ಮ ತಾಯಿಯ ಹೆಸರು ಹಾಕಿರೆಂದು ಕೇಳಿದರು. ಬಯಲಿಗೆ ಹೋಗಲು ಕತ್ತಲಾಗುವುದನ್ನೇ ಕಾಯುತ್ತಿದ್ದವರಂತೆ ಆ ತಾಯಿ. ಫಲಕದಲ್ಲಿ ಈಗ ಇರುವುದು ಅದೊಂದೇ ಹೆಸರು.

ಕೊರತೆ ಬಿದ್ದ 66,000ದಷ್ಟನ್ನು ಏಳು ಮಂದಿ ಹಂಚಿಕೊಂಡೆವು.

ಇನ್ನು ಸರಕಿನ ಗುಣ. ಕಾರ್ಖಾನೆಯವರು ಹೇಳಿದ ದಿನಕ್ಕಿಂತ ಐದು ವಾರ ತಡವಾಗಿ ಕಳುಹಿಸಿದರು, ಕಳುಹಿಸಿದ ಸಾಮಾನು ಗಟ್ಟಿಯಾಗಿತ್ತು. ಪ್ರತಿ ಕೋಣೆಯ ಕೆಳಗೆ ಎರಡು ಗೂಡುಗಳಿವೆ, ಒಂದು ತುಂಬಿದ ಮೇಲೆ ಅದನ್ನು ಮುಚ್ಚಿ ಇನ್ನೊಂದನ್ನು ತೆರೆಯಬೇಕು. ಕುಳಿತುಕೊಳ್ಳುವ ಬೇಸಿನ್ನೇ ಇದರ ಜೀವಾಳ. ಅದಕ್ಕೆ ಮೂರು ಭಾಗ: ಮುಂದಿನ ತಗ್ಗು ಮೂತ್ರವನ್ನು ಹಿಡಿದು ಮುಚ್ಚಿದ ಟ್ಯಾಂಕಿಗೆ ಕಳುಹಿಸುತ್ತದೆ, ನಡುವಿನ ರಂಧ್ರದಿಂದ ಮಲ ನೇರವಾಗಿ ಗೂಡಿಗೆ ಬೀಳುತ್ತದೆ, ತೊಳೆದುಕೊಳ್ಳಲು ಹಿಂದಕ್ಕೆ ಸರಿದು ಕುಳಿತರೆ ಆ ನೀರು ಮೂರನೆಯ ತಗ್ಗಿನಿಂದ ಹೊರಗಿನ ಜಲ್ಲಿ ಮಡಿಗೆ ಹೋಗುತ್ತದೆ. ಆ ಮಡಿಯಲ್ಲಿ ಬಾಳೆ ಮತ್ತು ಕೆಸು ಹಾಕಿದ್ದೇವೆ. ಕಾಗದ ಬಳಸುವವರ ದೇಶಗಳಿಗೆಂದು ಮಾಡಿದ ಬೇಸಿನ್ನಿನಲ್ಲಿ ಈ ಮೂರನೆಯ ಭಾಗ ಇರುವುದಿಲ್ಲ, ಅಂಥದ್ದನ್ನು ತಂದು ಕೂರಿಸಿದರೆ ನಮ್ಮ ಜನರ ಕೈಯಲ್ಲಿ ಗೂಡು ಒಂದೇ ವಾರದಲ್ಲಿ ಕೆಸರಾಗುತ್ತದೆ. ಕೊಳ್ಳುವವರು ಬೇರೆ ಏನನ್ನು ನೋಡದಿದ್ದರೂ ಇದನ್ನು ನೋಡಿ ಕೊಳ್ಳಬೇಕು. ಕೆಲಸ ಮುಗಿದ ಮೇಲೆ ಒಂದು ಹಿಡಿ ಬೂದಿಯನ್ನು ನಡುವಿನ ರಂಧ್ರಕ್ಕೆ ಹಾಕಿ ಮುಚ್ಚಳ ಎಳೆದರಾಯಿತು. ಬೂದಿ ತೇವವನ್ನು ಹೀರುತ್ತದೆ, ವಾಸನೆಯನ್ನು ತಡೆಯುತ್ತದೆ, ಅದರ ಕ್ಷಾರಗುಣ ರೋಗಾಣುಗಳನ್ನೂ ಕೊಲ್ಲುತ್ತದೆ.

ವಾಸನೆ ಇದೆಯೇ ಎಂಬ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ: ಬೂದಿ ಬಿದ್ದ ದಿನ ಇಲ್ಲ, ಬೀಳದ ದಿನ ಇದೆ. ಗೂಡಿನಿಂದ ಸೂರಿನ ಮೇಲೆ ಹೋಗುವ ಕೊಳವೆಗೆ ಕಪ್ಪು ಬಣ್ಣ ಬಳಿದಿರುವುದರಿಂದ ಬಿಸಿಲಿಗೆ ಅದು ಕಾದು ಒಳಗಿನ ಗಾಳಿಯನ್ನು ಮೇಲಕ್ಕೆ ಎಳೆಯುತ್ತದೆ. ಬೆಳಕನ್ನರಸಿ ಮೇಲೇರುವ ನೊಣಗಳು ತುದಿಯ ಜಾಲರಿಗೆ ಸಿಕ್ಕಿ ಸಾಯಬೇಕು. ನಮಗೆ ಬಂದ ಜಾಲರಿ ಮೊದಲ ಮಳೆಗಾಲದಲ್ಲೇ ತುಕ್ಕು ಹಿಡಿದು ಕಳಚಿತು, ಎರಡು ವಾರ ನೊಣಗಳ ಜಾತ್ರೆ. ಕಾರ್ಖಾನೆಗೆ ನಾಲ್ಕು ಬಾರಿ ಫೋನ್ ಮಾಡಿದ ಮೇಲೆ ಸ್ಟೀಲಿನ ಜಾಲರಿ ಕಳುಹಿಸಿದರು, ಅದು ಮೊದಲೇ ಬರಬೇಕಿತ್ತು. ಮೂತ್ರದ ಕೊಳವೆಯೂ ಒಂದು ವರ್ಷದೊಳಗೆ ಕಟ್ಟಿಕೊಂಡಿತು. ಮೂತ್ರ ನಿಂತಲ್ಲಿ ಬಿಳಿಯ ಲವಣ ಹರಳುಗಟ್ಟುವುದು ಸಹಜವೇ ಆದರೂ, ಇಳಿಜಾರು ಕಡಿಮೆಯಿಟ್ಟು ಸಣ್ಣ ಕೊಳವೆ ಹಾಕಿದ್ದರಿಂದ ಅದು ಬೇಗ ಆಯಿತು. ತಿಂಗಳಿಗೊಮ್ಮೆ ಲಿಂಬೆಸತ್ವ ಕರಗಿಸಿದ ಬಿಸಿನೀರು ಸುರಿಯುವುದರಿಂದ ಈಗ ತೊಂದರೆಯಿಲ್ಲ. ಬಳಸುವ ವಿಧಾನವನ್ನು ಬರೆದು ಬಾಗಿಲಿಗೆ ಹಚ್ಚಿದ ಕನ್ನಡ ಯಾರ ಕನ್ನಡವೋ ತಿಳಿಯದು: 'ಘನ ತ್ಯಾಜ್ಯ ವಿಸರ್ಜನೆಯ ತರುವಾಯ ಆವರಣ ದ್ರವ್ಯವನ್ನು ಅನ್ವಯಿಸಿ' ಎಂದಿತ್ತು. ನನ್ನ ಎಂಟನೆಯ ತರಗತಿಯ ಹುಡುಗಿಯರು ಅದನ್ನು ಕಿತ್ತು, 'ಎರಡಕ್ಕೆ ಹೋದಿರಾ? ಒಂದು ಹಿಡಿ ಬೂದಿ ಹಾಕಿ' ಎಂದು ಬರೆದು ಚಿತ್ರ ಬಿಡಿಸಿದರು. ಗೂಡಿಗೆ ನೀರು ಬೀಳುವುದು ಅಂದಿನಿಂದ ಅರ್ಧಕ್ಕಿಂತ ಕಡಿಮೆಯಾಗಿದೆ. ಇನ್ನೊಂದು ಕೊರತೆಯನ್ನು ನಾವೇ ತುಂಬಿದೆವು: ಸ್ಯಾನಿಟರಿ ಪ್ಯಾಡ್ ಹಾಕಲು ಮುಚ್ಚಳವಿರುವ ಡಬ್ಬಿ. ಹೆಣ್ಣುಮಕ್ಕಳಿಗೆಂದೇ ಎತ್ತಿದ ವಂತಿಗೆಯ ಅಂದಾಜಿನಲ್ಲಿ ಅದನ್ನು ಮರೆತವಳು ನಾನೇ, ಅದಕ್ಕೆ ಕಾರ್ಖಾನೆಯನ್ನು ದೂರಲಾರೆ.

ಬೂದಿಯ ವಿಷಯದಲ್ಲಿ ನಮ್ಮ ಸೀಮೆ ಭಾಗ್ಯವಂತ ಸೀಮೆ. ಸುತ್ತಮುತ್ತ ಬೆಲ್ಲದ ಗಾಣಗಳಿವೆ, ಕಬ್ಬಿನ ಸಿಪ್ಪೆಯನ್ನೇ ಉರಿಸುವ ಒಲೆಯಿಂದ ದಿನವೂ ಬುಟ್ಟಿಗಟ್ಟಲೆ ಬೂದಿ ಬೀಳುತ್ತದೆ. ಗಾಣ ನಡೆಯುವ ಚಳಿಗಾಲದಲ್ಲೇ ಹಕ್ಕಿಗಳೂ ಹಕ್ಕಿ ನೋಡುವವರೂ ಬರುತ್ತಾರೆ. ಆದರೆ ಮಳೆಗಾಲಕ್ಕೆಂದು ಮಾರ್ಚಿಯೊಳಗೆ ಚೀಲ ತುಂಬಿ, ಪ್ಲಾಸ್ಟಿಕ್ ಹೊದಿಸಿ, ಅಟ್ಟದ ಮೇಲೆ ಇಡಬೇಕು. ಮೊದಲ ವರ್ಷ ಇದನ್ನು ಮಾಡದೆ ಜುಲೈಯಲ್ಲಿ ಒದ್ದೆ ಬೂದಿಯ ಗಾರೆ ಕಲಸಿದಂತಾಗಿತ್ತು.

ಇಷ್ಟೆಲ್ಲ ಮಾಡುವವರು ಯಾರು ಎಂಬುದನ್ನು ಹಣ ಎತ್ತುವಾಗ ನಾವು ಯೋಚಿಸಿರಲೇ ಇಲ್ಲ. ಈ ಕೆಲಸಕ್ಕೆ ಬಂದ ಪಕ್ಕದ ಊರಿನ ಅಕ್ಕ ಬೇಸಿನ್ ತೊಳೆಯಲು, ಬೂದಿ ತುಂಬಿಸಲು, ಬೀಗ ನೋಡಿಕೊಳ್ಳಲು ಒಪ್ಪಿ, ಗೂಡಿನ ಮಾತು ಬಂದಾಗ ಹೀಗೆಂದಳು: "ಅಕ್ಕೋರ, ಒಣಾ ಪಾಯಖಾನಿ ಅಂದ್ರ ನಮ್ಮ ಆಯಿ ತಲಿ ಮ್ಯಾಲ ಹೊತ್ತದ್ದು ನೆನಪಾಕ್ಕೈತ್ರಿ. ಬೂದಿ ನಾ ಹಾಕ್ತೀನಿ, ಅದನ್ನ ತಗಿಯೂದು ಮಾತ್ರ ನನ್ನ ಕೈಲಿ ಆಗಂಗಿಲ್ರಿ." ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲೇ, ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದ ಕಾಲದಲ್ಲಿ, ನಿಷೇಧಿಸಿದ ರಾಜ್ಯ ನಮ್ಮದು. 2013ರ ಕೇಂದ್ರ ಕಾಯ್ದೆಯೂ, ಮಲ ಪೂರ್ತಿ ಕೊಳೆತು ಮಣ್ಣಾಗುವ ಮೊದಲೇ ಕೈಯಿಂದ ತೆಗೆಯಬೇಕಾದ ಶೌಚಾಲಯವನ್ನೇ ಅನೈರ್ಮಲ್ಯ ಶೌಚಾಲಯ ಎನ್ನುತ್ತದೆ. ನಮ್ಮ ಗೂಡು ಆ ವ್ಯಾಖ್ಯೆಯೊಳಗೆ ಬರಬಾರದೆಂದರೆ ಅದನ್ನು ಸಾಕಷ್ಟು ಕಾಲ ಮುಚ್ಚಿಡಲೇಬೇಕು. ಆರು ತಿಂಗಳು ಸಾಕೆಂದು ಕಾರ್ಖಾನೆಯ ಕರಪತ್ರ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾರ್ಗಸೂಚಿಯು ನಮ್ಮಂಥ 20ರಿಂದ 35 ಡಿಗ್ರಿಯ ಹವೆಗೆ ಒಂದು ವರ್ಷಕ್ಕಿಂತ ಹೆಚ್ಚು ಎನ್ನುತ್ತದೆ. ನಾವು ಎರಡನೆಯದನ್ನೇ ಹಿಡಿದೆವು. ಕಾನೂನಿನ ಮಾತು ಸರಿಯಾದರೂ ಆ ಅಕ್ಕನ ಮಾತಿಗೆ ಅದು ಉತ್ತರವಾಗಲಾರದು. ಗೂಡು ತೆರೆಯುವ ಕೆಲಸಕ್ಕೆ ಕೂಲಿಯವರನ್ನು ಕರೆಯಬಾರದು, ವಂತಿಗೆ ಎತ್ತಿದ ಏಳು ಮಂದಿಯೇ ಪಾಳಿಯಂತೆ ಮಾಡಬೇಕು ಎಂದು ವಹಿಯಲ್ಲಿ ಬರೆದು ಸಹಿ ಹಾಕಿದೆವು. ಇಬ್ಬರು ಆಮೇಲೆ ಬಳಗ ಬಿಟ್ಟರು. ಕಾರಣ ಬೇರೆ ಎಂದರು.

ಈ ಇಡೀ ಯೋಜನೆಯಲ್ಲಿ ನಾವು ಎಡವಿದ್ದು ನಡೆಸುವ ಖರ್ಚಿನಲ್ಲಿ. ಆ ಅಕ್ಕನಿಗೆ ತಿಂಗಳಿಗೆ 3,500 ರೂಪಾಯಿ, ಸಾಬೂನು, ಬೂದಿ ಸಾಗಣೆ, ರಿಪೇರಿ ಎಲ್ಲ ಸೇರಿ 5,000 ಬೇಕು. ವರ್ಷಕ್ಕೆ 60,000 ಎಂದರೆ ಏಳು ವರ್ಷ ಆಗುವ ಹೊತ್ತಿಗೆ ಕಟ್ಟಿದ ಹಣಕ್ಕಿಂತ ನಡೆಸಿದ ಹಣವೇ ಹೆಚ್ಚು. ಬಾಗಿಲಲ್ಲಿಟ್ಟ ಡಬ್ಬಿಯಲ್ಲಿ ಜನವರಿಯಲ್ಲಿ 1,800 ರೂಪಾಯಿ ಬಿದ್ದದ್ದೇ ದಾಖಲೆ, ಆಗಸ್ಟಿನಲ್ಲಿ ಹತ್ತರ ಎರಡು ನಾಣ್ಯ ಸಿಕ್ಕವು. ಎರಡನೆಯ ವರ್ಷ ಅದೇ ಜಾಲತಾಣದಲ್ಲಿ, ಅದೇ ಖಾಲಿ ಚಂಬಿನ ಚಿತ್ರ ಹಾಕಿ, ನಡೆಸುವ ಖರ್ಚಿಗೆಂದು ಕೇಳಿದೆವು, ಬಂದದ್ದು 23,000. ಗೋಡೆಗೆ ಕೊಟ್ಟವರೇ ಸಂಬಳಕ್ಕೆ ಕೊಡಲಿಲ್ಲ. ಅವರನ್ನು ತಪ್ಪೆನ್ನಲಾರೆ, ಫೋಟೋದಲ್ಲಿ ಕಾಣುವುದಕ್ಕೆ ಕೊಡುವುದು ಮನುಷ್ಯ ಸ್ವಭಾವ, ಸಂಬಳ ಫೋಟೋದಲ್ಲಿ ಕಾಣುವುದಿಲ್ಲ. ಆದರೆ ಇನ್ನೊಂದು ಊರಿನವರು ಇಂಥದ್ದಕ್ಕೆ ಹಣ ಎತ್ತಹೊರಟರೆ, ಜನರ ಉತ್ಸಾಹ ಬಿಸಿಯಾಗಿರುವ ಮೊದಲ ಸಲವೇ ಮೂರು ವರ್ಷದ ನಿರ್ವಹಣೆಯನ್ನೂ ಅಂದಾಜಿನೊಳಗೆ ಸೇರಿಸಿ ಕೇಳಬೇಕು, ಬೇಕಾದರೆ ಎರಡು ಕೋಣೆಯ ಬದಲು ಒಂದನ್ನೇ ಕಟ್ಟಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ನಮ್ಮ ಎರಡನೆಯ ಕೋಣೆ ವಾರದ ದಿನಗಳಲ್ಲಿ ಬೀಗ ಹಾಕಿಯೇ ಇರುತ್ತದೆ.

ಮೊದಲ ಗೂಡು ತುಂಬಲು ಹದಿನಾಲ್ಕು ತಿಂಗಳು ಬೇಕಾಯಿತು. ಹದಿಮೂರು ತಿಂಗಳು ಮುಚ್ಚಿಟ್ಟು, ಕಳೆದ ವಾರ ತೆರೆದೆವು. ಪಾಳಿ ನನ್ನದೂ ಒಬ್ಬ ಬ್ಯಾಂಕ್ ನೌಕರರದ್ದೂ ಆಗಿತ್ತು. ಕೈಗವಸು, ಬೂಟು, ಮುಖವಸ್ತ್ರ ಎಲ್ಲ ಹಾಕಿಕೊಂಡು ಹಿಂದಿನ ಬಾಗಿಲಿನ ತಿರುಪು ಬಿಚ್ಚುವಾಗ ನನ್ನ ಕೈ ನಡುಗುತ್ತಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಒಳಗಿದ್ದದ್ದು ಬೂದುಬಣ್ಣದ, ಉದುರುವ ಮಣ್ಣು. ಮಳೆ ಬಿದ್ದ ಹೊಲದ ವಾಸನೆಯೂ ಅಲ್ಲ, ಹೊಲಸು ವಾಸನೆಯೂ ಅಲ್ಲ, ಹಳೆಯ ಒಲೆಯ ವಾಸನೆ. ಒಂದು ಮೂಲೆಯಲ್ಲಿ ಮಾತ್ರ, ನೀರು ಬಿದ್ದ ಕಡೆ, ಗಟ್ಟಿ ಹೆಂಟೆಗಳಿದ್ದವು. ಅವನ್ನು ಹಾಗೆಯೇ ಬಿಟ್ಟು ಬೂದಿ ಸುರಿದು ಮತ್ತೆ ಮುಚ್ಚಿದೆವು. ಉಳಿದದ್ದು ಎಂಟು ಬುಟ್ಟಿ ಆಯಿತು. ಕಾಕಾ ಅದನ್ನು ತರಕಾರಿಗೆ ಹಾಕದೆ, ನಾವು ಕೇಳಿಕೊಂಡಂತೆ ಬದುವಿನ ತೆಂಗಿನ ಬುಡಕ್ಕೆ ಹಾಕಿ ಮಣ್ಣು ಮುಚ್ಚಿದರು. ಬುಟ್ಟಿ ಎತ್ತಲು ಆ ಅಕ್ಕ ಬರಲಿಲ್ಲ, ನಾವೂ ಕರೆದಿರಲಿಲ್ಲ. ದೂರದಲ್ಲಿ ನಿಂತು ನೋಡುತ್ತಿದ್ದವಳು, ಕೆಲಸ ಮುಗಿದ ಮೇಲೆ ನಮ್ಮ ಕೈಗೆ ನೀರು ಹಾಕಿದಳು.

ಹೋಗುವವರಿಗೆ: ಬೆಳಿಗ್ಗೆ ಐದೂವರೆಯಿಂದ ಸಂಜೆ ಆರರವರೆಗೆ ತೆರೆದಿರುತ್ತದೆ, ಬೀಗದ ಕೈ ಕಾಕಾ ಮನೆಯ ಪಡಸಾಲೆಯ ಗೂಟದಲ್ಲಿರುತ್ತದೆ. ಗಾಲಿಕುರ್ಚಿ ಏರಲು ಇಳಿಜಾರು ಇದೆ, ಆದರೆ ಕುಕ್ಕರಗಾಲಲ್ಲಿ ಕೂರಲಾಗದವರಿಗೆ ಬೇಕಾದ ಎತ್ತರದ ಆಸನ ಇನ್ನೂ ಬಂದಿಲ್ಲ. ತೊಳೆಯುವ ನೀರು ಕೊಡದಲ್ಲಿರುತ್ತದೆ, ಮುಗಿದಿದ್ದರೆ ತುಂಬಿಸಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗುವವರು ಮನೆಯಿಂದ ಒಂದು ಪೊಟ್ಟಣ ಒಣ ಬೂದಿ ಒಯ್ದರೆ ಉಪಕಾರ.